ಕಡೇ ಬೆಂಚಿಗೂ ಕಾಣುವ ಮುಖ: ನಟ ಶಿವಾಜಿ ಗಣೇಶನ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ಮಹಾನ್ ವ್ಯಕ್ತಿಯ ಜೀವನ ಚರಿತ್ರೆ ಬರೆದುಕೊಂಡು ಬಾ ಅಂತ ಗುರುಗಳು ನನಗೆ ಹೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಇವರದ್ದೆಲ್ಲಾ ಹೋದ ವರ್ಷವೇ ನಮ್ಮ ಗೋಡೆ ಮೇಲೆ ಬಂದು ಹೋಗಿದೆ. ಅದಕ್ಕೆ ನಾನು ತಮಿಳಿನ ಸಿನಿಮಾ ನಟ ಶಿವಾಜಿ ಗಣೇಶನ್ ಅವರನ್ನು ಆರಿಸಿಕೊಂಡೆ. ಹೆಸರು ಹೇಳಿದ ಕೂಡಲೇ ಕ್ಲಾಸಿನಲ್ಲಿ ಕೆಲವರು ನಕ್ಕರು. ನಮ್ಮ ರಾಜ್‌ಕುಮಾರ್ ಇರುವಾಗ ತಮಿಳಿನವರು ಯಾಕೆ ಬೇಕು ಅಂತ ಕೇಳಿದರು. ಯಾಕೆ ಅಂತ ಪೂರ್ತಿ ಓದಿದ ಮೇಲೆ ನಿಮಗೇ ಗೊತ್ತಾಗುತ್ತೆ. ಉದ್ದ ಆಗಿದೆ, ಎರಡು ಡ್ರಾಯಿಂಗ್ ಶೀಟ್ ಹಿಡಿದಿದೆ. ದಯವಿಟ್ಟು ಅರ್ಧಕ್ಕೆ ಬಿಡಬೇಡಿ.

ನಾನು ಇವರನ್ನು ಮೊದಲು ನೋಡಿದ್ದು

ನಮ್ಮ ಅಜ್ಜನಿಗೆ ಈಗ 78 ವರ್ಷ. ಅವರು ದಾವಣಗೆರೆಯಲ್ಲಿ ಕಾಟನ್ ಮಿಲ್ಲಿನಲ್ಲಿ ಮಗ್ಗದ ಖಾತೆಯಲ್ಲಿ 20 ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವರು. ಒಂದೇ ಶೆಡ್ಡಿನಲ್ಲಿ ನೂರಾರು ಮಗ್ಗ ಒಟ್ಟಿಗೆ ಹೊಡೆಯುವಾಗ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುತ್ತಿರಲಿಲ್ಲವಂತೆ. ಆ ಸದ್ದಿನಲ್ಲಿ ಇದ್ದೂ ಇದ್ದೂ ಅಜ್ಜನ ಕಿವಿ ಹೋಯಿತು. ಮಿಲ್ಲು ಮುಚ್ಚಿಹೋಗಿ ಎಷ್ಟೋ ವರ್ಷ ಆಯ್ತು, ಕಿವಿ ಮಾತ್ರ ವಾಪಸ್ ಬರಲಿಲ್ಲ.

ಅಜ್ಜ ಮೂರು ತಿಂಗಳು ದಾವಣಗೆರೆಯಲ್ಲಿ ದೊಡ್ಡಪ್ಪನ ಮನೆಯಲ್ಲಿ ಇರ್ತಾರೆ, ಮೂರು ತಿಂಗಳು ಹರಿಹರದ ಹತ್ತಿರ ಈ ನಮ್ಮ ಊರಿನಲ್ಲಿ ಇರ್ತಾರೆ. ಮೊದಲು ಮಿಲ್ಲಿನಲ್ಲಿ ಪಾಳಿ ಇತ್ತು, ಈಗ ಮಕ್ಕಳ ಮನೆಯಲ್ಲಿ ಪಾಳಿ ಅಂತ ಅವರೇ ತಮಾಷೆ ಮಾಡ್ತಾರೆ. ಮನೆಯಲ್ಲಿ ಅಜ್ಜನಿಗೆ ಯಾರೂ ಒಂದು ಮಾತು ಬೈಯಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಚಹಾ ಎಲ್ಲಾ ಕೊಡ್ತಾರೆ. ಆದರೆ ಯಾರೂ ಮಾತಾಡಲ್ಲ. ಯಾಕಂದ್ರೆ ಜೋರಾಗಿ ಕೂಗಬೇಕು. ನಾವೆಲ್ಲಾ ನಗುವಾಗ ಅಜ್ಜ ನನ್ನ ಕಡೆ ನೋಡಿ ಏನಂತ ಕೇಳ್ತಿದ್ದರು. ನಾನು ಏನಿಲ್ಲ ಅಂತ ಕೈ ಆಡಿಸಿಬಿಡ್ತಿದ್ದೆ. ಆಮೇಲೆ ಆಮೇಲೆ ಅಜ್ಜ ಕೇಳುವುದನ್ನೇ ಬಿಟ್ಟರು.

ಒಂದು ರಾತ್ರಿ ನಾನು ನೀರು ಕುಡಿಯೋಕೆ ಎದ್ದಾಗ ಅಜ್ಜ ಒಬ್ಬರೇ ಟಿ.ವಿ. ಮುಂದೆ ಕೂತಿದ್ದರು. ತಂಗಿ ಮಲಗಿದ್ದಾಳೆ, ಅಜ್ಜನಿಗಂತೂ ಹೇಗೂ ಕೇಳಲ್ಲ ಅಂತ ಅಮ್ಮ ಸೌಂಡ್ ಪೂರ್ತಿ ತೆಗೆದಿದ್ದರು. ಟಿ.ವಿ.ಯಲ್ಲಿ ಹಳೇ ತಮಿಳು ಸಿನಿಮಾ ಬರ್ತಿತ್ತು. ಕಿರೀಟ ಇಟ್ಟುಕೊಂಡ ಒಬ್ಬ ರಾಜ, ಅವನ ಎದುರಿಗೆ ಒಬ್ಬ ತಾಯಿ. ಅಜ್ಜನ ಕಣ್ಣಲ್ಲಿ ನೀರು ಇಳೀತಿತ್ತು. ನಾನೂ ಪಕ್ಕದಲ್ಲಿ ಕೂತೆ. ನನಗೆ ತಮಿಳು ಬರಲ್ಲ, ಸೌಂಡೂ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಅವನು ಕರ್ಣ, ಅವಳು ಕುಂತಿ, ತಾನೇ ನಿನ್ನ ಹೆತ್ತ ತಾಯಿ ಅಂತ ಅವಳು ಹೇಳ್ತಿದ್ದಾಳೆ ಅಂತ ಎಲ್ಲಾ ಗೊತ್ತಾಯ್ತು. ಮೊದಲು ಕರ್ಣನಿಗೆ ನಂಬಿಕೆ ಬರಲ್ಲ. ಆಮೇಲೆ ಮುಖ ಸಣ್ಣ ಮಗುವಿನ ಮುಖದ ಹಾಗೆ ಆಗುತ್ತೆ. ಆಮೇಲೆ ಇಷ್ಟು ದಿನ ಎಲ್ಲಿದ್ದೆ ಅನ್ನೋ ಸಿಟ್ಟು ಬರುತ್ತೆ. ಒಂದೇ ಮುಖದ ಮೇಲೆ ಇಷ್ಟೆಲ್ಲಾ ಬಂದು ಹೋಗುತ್ತೆ. ಆ ಕರ್ಣನೇ ಶಿವಾಜಿ ಗಣೇಶನ್.

ಮರುದಿನ ಬೆಳಿಗ್ಗೆ ನಾನೇ ಹೋಗಿ ಅಜ್ಜನನ್ನು ಕೇಳಿದೆ. ಅವರು ಹುಡುಗ ಆಗಿದ್ದಾಗ ಬೆಂಗಳೂರಿನಲ್ಲಿ ಹೋಟೆಲ್ ಕೆಲಸಕ್ಕೆ ಇದ್ದರಂತೆ. ಅಲ್ಲಿ ಟಾಕೀಸಿನಲ್ಲಿ ಇದೇ ಸಿನಿಮಾ ನೋಡಿದ್ದರಂತೆ. ಆಗ ಕಿವಿ ಚೆನ್ನಾಗಿತ್ತು, ಆದರೆ ತಮಿಳು ಬರ್ತಿರಲಿಲ್ಲ. ಈಗ ಕಿವಿಯೇ ಇಲ್ಲ. ಎರಡು ಸಲವೂ ಸಿನಿಮಾ ಪೂರ್ತಿ ಅರ್ಥ ಆಯ್ತು ಅಂತ ಅಜ್ಜ ಹೇಳಿದರು. ಅವತ್ತಿನಿಂದ ಈ ನಟನ ಬಗ್ಗೆ ತಿಳಿದುಕೊಳ್ಳಬೇಕು ಅಂತ ನನಗೆ ಆಸೆ ಆಯ್ತು. ಗುರುಗಳನ್ನು ಕೇಳಿದೆ, ಅಜ್ಜನನ್ನು ಕೇಳಿದೆ, ಓದಿದೆ. ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ.

ಜನನ ಮತ್ತು ಬಾಲ್ಯ

ಶಿವಾಜಿ ಗಣೇಶನ್ ಅವರು 1928ರ ಅಕ್ಟೋಬರ್ 1ರಂದು ತಮಿಳುನಾಡಿನ ವಿಲ್ಲುಪುರಂನಲ್ಲಿ ಜನಿಸಿದರು. ಅವರ ಮೊದಲ ಹೆಸರು ಬರೀ ಗಣೇಶನ್. ತಂದೆ ಚಿನ್ನಯ್ಯ ಮನ್ರಾಯರ್ ರೈಲ್ವೆಯಲ್ಲಿ ಕೆಲಸದಲ್ಲಿದ್ದರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. ತಾಯಿಯ ಹೆಸರು ರಾಜಾಮಣಿ ಅಮ್ಮಾಳ್. ಮನೆಯಲ್ಲಿ ಬಡತನ ಇತ್ತು. ಗಣೇಶನ್ ಬೆಳೆದಿದ್ದು ತಿರುಚಿರಾಪಳ್ಳಿಯಲ್ಲಿ.

ಚಿಕ್ಕವರಿದ್ದಾಗ ಒಂದು ದಿನ ಅವರ ಊರಲ್ಲಿ ಕಟ್ಟಬೊಮ್ಮನ್ ಎಂಬ ವೀರನ ಬಯಲಾಟ ನಡೆಯಿತು. ನಮ್ಮಲ್ಲಿ ಸಂಗೊಳ್ಳಿ ರಾಯಣ್ಣ ಹೇಗೋ ತಮಿಳರಿಗೆ ಕಟ್ಟಬೊಮ್ಮನ್ ಹಾಗೆ. ಬ್ರಿಟಿಷರಿಗೆ ಕಪ್ಪ ಕೊಡಲ್ಲ ಅಂತ ಎದುರು ನಿಂತ ಪಾಳೇಗಾರ. 1799ರಲ್ಲಿ ಅವನನ್ನು ಬ್ರಿಟಿಷರು ಗಲ್ಲಿಗೆ ಹಾಕಿದರು. ಆ ಆಟ ನೋಡಿದ ಮೇಲೆ ಹುಡುಗನ ಮನಸ್ಸಿನಲ್ಲಿ ತಾನೂ ನಟ ಆಗಬೇಕು ಅನ್ನೋದು ಕೂತುಬಿಟ್ಟಿತು.

ಆಮೇಲೆ ಅವರು ಮಾಡಿದ ಕೆಲಸ ಕೇಳಿದರೆ ನಮ್ಮ ಗುರುಗಳಿಗೆ ಸಿಟ್ಟು ಬರಬಹುದು. ಶಾಲೆ ಬಿಟ್ಟು, ಮನೆ ಬಿಟ್ಟು ನಾಟಕ ಕಂಪನಿ ಸೇರಿಕೊಂಡರು. ಕಂಪನಿಯವರು ಕೇಳಿದಾಗ ತನಗೆ ಅಪ್ಪ ಅಮ್ಮ ಯಾರೂ ಇಲ್ಲ, ಅನಾಥ ಅಂತ ಸುಳ್ಳು ಹೇಳಿದರಂತೆ. ಇದು ತಪ್ಪು. ನಾವು ಯಾರೂ ಹಂಗೆ ಮಾಡಬಾರದು. ಆದರೆ ಆ ಕಾಲದಲ್ಲಿ ನಾಟಕ ಕಂಪನಿ ಅನ್ನೋದೇ ಒಂದು ಶಾಲೆ ಇದ್ದ ಹಾಗೆ ಇತ್ತು ಅಂತ ಅಜ್ಜ ಹೇಳ್ತಾರೆ.

ನಾಟಕ ಕಂಪನಿಯ ಶಾಲೆ

ಕಂಪನಿಯಲ್ಲಿ ಗಣೇಶನ್‌ಗೆ ಮೊದಲು ಸಿಕ್ಕಿದ್ದು ಹೆಣ್ಣಿನ ಪಾತ್ರಗಳು. ಸೀತೆಯ ಪಾತ್ರ ಹಾಕಿದರು. ಆಗ ಹುಡುಗರೇ ಸೀರೆ ಉಟ್ಟು ಪಾತ್ರ ಮಾಡ್ತಿದ್ದರು. ನಡಿಗೆ, ನೋಟ, ಹಾಡು, ಕುಣಿತ, ಕತ್ತಿವರಸೆ ಎಲ್ಲಾ ಕಲೀಬೇಕಿತ್ತು. ಬೆಳಿಗ್ಗೆ ಎದ್ದರೆ ಅಭ್ಯಾಸ, ರಾತ್ರಿ ಆದರೆ ನಾಟಕ. ಮನೆ ನೆನಪಾದರೂ ಬೇಕಾದಾಗ ಹೋಗೋ ಹಾಗಿರಲಿಲ್ಲ.

ಕಂಪನಿ ನಾಟಕ ಅಂದ್ರೆ ದಾವಣಗೆರೆಯವರಿಗೆ ಹೊಸದಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮ ದಾವಣಗೆರೆಯದ್ದೇ. ಅವರ ಮಗಳು ಚಿಂದೋಡಿ ಲೀಲಾ ಅವರಿಗೆ ಪದ್ಮಶ್ರೀ ಬಂತು. ನಮ್ಮ ರಾಜ್‌ಕುಮಾರ್ ಅವರೂ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಾತ್ರ ಮಾಡಿ ಸಿನಿಮಾಕ್ಕೆ ಬಂದವರು. ದುಗ್ಗಮ್ಮನ ಜಾತ್ರೆ ಟೈಮಲ್ಲಿ ಹಾಕುವ ನಾಟಕಗಳಿಗೆ ಅಜ್ಜ ಮಿಲ್ಲಿನ ರಾತ್ರಿ ಪಾಳಿ ತಪ್ಪಿಸಿ ಹೋಗ್ತಿದ್ದರಂತೆ. ಕೈಯಲ್ಲಿ ದುಡ್ಡು ಇರ್ತಿರಲಿಲ್ಲ, ಅದಕ್ಕೆ ಯಾವಾಗಲೂ ಕಡೇ ಸಾಲು.

ಇಲ್ಲಿ ಅಜ್ಜ ಒಂದು ವಿಷಯ ಹೇಳಿಕೊಟ್ಟರು. ಹಳೇ ನಾಟಕದಲ್ಲಿ ಈಗಿನ ಹಾಗೆ ಒಳ್ಳೇ ಮೈಕು, ಲೈಟು ಇರ್ತಿರಲಿಲ್ಲ. ಮುಂದೆ ಕುರ್ಚಿ ಮೇಲೆ ಕೂತ ಸಾಹುಕಾರರಿಗೆ ಹುಬ್ಬು ಅಲ್ಲಾಡಿಸಿದರೂ ಕಾಣುತ್ತೆ. ಆದರೆ ಕಡೇ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕಾಣಬೇಕು, ಅವನೂ ಕಾಸು ಕೊಟ್ಟಿರ್ತಾನೆ. ಅದಕ್ಕೆ ನಟರು ಕಣ್ಣು ದೊಡ್ಡದು ಮಾಡಬೇಕು, ಕೈ ಪೂರ್ತಿ ಎತ್ತಬೇಕು, ಮಾತು ಬಿಡಿಸಿ ಬಿಡಿಸಿ ಆಡಬೇಕು. ಶಿವಾಜಿಯವರು ಕಲಿತಿದ್ದು ಇದೇ ಶಾಲೆಯಲ್ಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಶಿವಾಜಿ ಅನ್ನೋ ಹೆಸರು ಬಂದ ಬಗೆ

1940ರ ದಶಕದಲ್ಲಿ ಸಿ.ಎನ್. ಅಣ್ಣಾದುರೈ ಅವರು ಛತ್ರಪತಿ ಶಿವಾಜಿಯ ಬಗ್ಗೆ ಒಂದು ನಾಟಕ ಬರೆದರು. ಇವರೇ ಮುಂದೆ ತಮಿಳುನಾಡಿನ ಮುಖ್ಯಮಂತ್ರಿ ಆದವರು. ಶಿವಾಜಿಯ ಪಾತ್ರ ಗಣೇಶನ್‌ಗೆ ಸಿಕ್ಕಿತು. ತುಂಬಾ ಕಡಿಮೆ ಸಮಯದಲ್ಲಿ ಅಷ್ಟೂ ಮಾತನ್ನು ಬಾಯಿಪಾಠ ಮಾಡಿ ಒಪ್ಪಿಸಿದರಂತೆ. ನಾಟಕ ನೋಡಿದ ಪೆರಿಯಾರ್ ಇ.ವಿ. ರಾಮಸ್ವಾಮಿಯವರು ಮೆಚ್ಚಿಕೊಂಡು, ಇನ್ನು ಮೇಲೆ ಇವನು ಶಿವಾಜಿ ಗಣೇಶನ್ ಅಂತ ಕರೆದರು. ಅವತ್ತಿನಿಂದ ಅದೇ ಹೆಸರು ನಿಂತಿತು.

ಇದರಲ್ಲಿ ನಮಗೆ ಹೆಮ್ಮೆಯ ವಿಷಯ ಒಂದಿದೆ. ಛತ್ರಪತಿ ಶಿವಾಜಿಯ ತಂದೆ ಷಹಾಜಿಯ ಸಮಾಧಿ ಎಲ್ಲಿದೆ ಹೇಳಿ ನೋಡೋಣ? ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಇದೆ! ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಷಹಾಜಿ 1664ರಲ್ಲಿ ಅಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡರು. ಮಹಾರಾಷ್ಟ್ರದ ರಾಜನ ಹೆಸರು ತಮಿಳುನಾಡಿನ ನಟನಿಗೆ ಬಂತು, ಆ ರಾಜನ ತಂದೆ ನಮ್ಮ ಮಣ್ಣಿನಲ್ಲಿ ಮಲಗಿದ್ದಾರೆ. ಮುಂದಿನ ಶಾಲಾ ಪ್ರವಾಸಕ್ಕೆ ಹೊದಿಗೆರೆಗೆ ಕರೆದುಕೊಂಡು ಹೋಗಬೇಕೆಂದು ಗುರುಗಳಲ್ಲಿ ಈ ಮೂಲಕ ವಿನಂತಿ.

ಸಿನಿಮಾಕ್ಕೆ ಬಂದಿದ್ದು

1952ರ ದೀಪಾವಳಿಗೆ ಪರಾಶಕ್ತಿ ಸಿನಿಮಾ ಬಂತು. ಅದರ ಮಾತುಗಳನ್ನು ಬರೆದವರು ಮುಂದೆ ಮುಖ್ಯಮಂತ್ರಿ ಆದ ಎಂ. ಕರುಣಾನಿಧಿ. ಈ ಸಿನಿಮಾಕ್ಕೆ ಶಿವಾಜಿಯವರನ್ನು ಹಾಕಿಕೊಂಡಾಗ, ಹುಡುಗ ತುಂಬಾ ಸಣಕಲು, ಇವನು ಹೀರೋ ಆಗಲ್ಲ ಅಂತ ಸ್ಟುಡಿಯೋದವರೇ ಬೇಡ ಅಂದರಂತೆ. ಆದರೆ ನಿರ್ಮಾಪಕ ಪಿ.ಎ. ಪೆರುಮಾಳ್ ಮೊದಲಿಯಾರ್ ಹಟ ಹಿಡಿದು, ಇವನೇ ಇರಲಿ ಅಂತ ನಿಂತರು. ಸ್ವಲ್ಪ ಮೈ ತುಂಬಿಕೊಂಡ ಮೇಲೆ ಕೆಲವು ದೃಶ್ಯ ಮತ್ತೆ ತೆಗೆದರು. ಸಿನಿಮಾ ಬಿಡುಗಡೆ ಆದ ಮೇಲೆ ಒಂದೇ ಸಿನಿಮಾಕ್ಕೆ ಶಿವಾಜಿ ಅನ್ನೋ ಹೆಸರು ಮನೆಮಾತಾಯ್ತು.

ಶಿವಾಜಿಯವರು ಎಷ್ಟು ದೊಡ್ಡವರಾದರೂ ಇದನ್ನು ಮರೀಲಿಲ್ಲ. ಪ್ರತಿ ವರ್ಷ ಪೊಂಗಲ್ ಹಬ್ಬಕ್ಕೆ ವೆಲ್ಲೂರಿಗೆ ಹೋಗಿ ಪೆರುಮಾಳ್ ಅವರ ಮನೆಯಲ್ಲಿ ಕಾಣಿಕೆ ಕೊಟ್ಟು ನಮಸ್ಕಾರ ಮಾಡಿ ಬರ್ತಿದ್ದರು. ಇದು ನನಗೆ ಅವರ ಸಿನಿಮಾಗಳಷ್ಟೇ ಇಷ್ಟ ಆಯ್ತು.

ನಮ್ಮ ಕನ್ನಡದ ಪಂತುಲು ಮತ್ತು ಶಿವಾಜಿ

ಈಗ ಕನ್ನಡದ ವಿಷಯಕ್ಕೆ ಬರ್ತೀನಿ. ಬಿ.ಆರ್. ಪಂತುಲು ಅವರು ನಮ್ಮ ಕೋಲಾರ ಕಡೆಯವರು. ಕನ್ನಡ, ತಮಿಳು ಎರಡರಲ್ಲೂ ಸಿನಿಮಾ ಮಾಡಿದವರು. ಶಿವಾಜಿಯವರ ದೊಡ್ಡ ದೊಡ್ಡ ಸಿನಿಮಾಗಳನ್ನು ನಿರ್ದೇಶನ ಮಾಡಿದ್ದು ಈ ನಮ್ಮ ಕನ್ನಡಿಗರೇ.

1959ರಲ್ಲಿ ಪಂತುಲು ಅವರು ವೀರಪಾಂಡಿಯ ಕಟ್ಟಬೊಮ್ಮನ್ ತೆಗೆದರು. ಚಿಕ್ಕ ಹುಡುಗ ಆಗಿದ್ದಾಗ ಯಾವ ಆಟ ನೋಡಿ ನಟ ಆಗಬೇಕು ಅಂದುಕೊಂಡರೋ ಅದೇ ಕಟ್ಟಬೊಮ್ಮನ್ ಪಾತ್ರ! ಮೊದಲು ತಮ್ಮ ನಾಟಕ ತಂಡದಲ್ಲಿ ಅದನ್ನು ಆಡಿದ್ದರು, ಆಮೇಲೆ ಸಿನಿಮಾ ಆಯ್ತು. 1960ರಲ್ಲಿ ಈಜಿಪ್ಟಿನ ಕೈರೋದಲ್ಲಿ ಆಫ್ರಿಕಾ ಮತ್ತು ಏಷ್ಯಾ ದೇಶಗಳ ಸಿನಿಮಾ ಉತ್ಸವ ನಡೆದಾಗ ಈ ಪಾತ್ರಕ್ಕೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕೈರೋದವರಿಗೆ ತಮಿಳು ಎಲ್ಲಿ ಬರುತ್ತೆ? ನನ್ನ ಅಜ್ಜನ ಹಾಗೆ ಅವರೂ ಮುಖ ನೋಡಿಯೇ ಅರ್ಥ ಮಾಡಿಕೊಂಡಿರಬೇಕು.

1964ರಲ್ಲಿ ಬಂದ ಕರ್ಣನ್ ಕೂಡ ಪಂತುಲು ಅವರದ್ದೇ. ಅದರಲ್ಲಿ ಕೃಷ್ಣ ಆಗಿರೋರು ತೆಲುಗಿನ ಎನ್.ಟಿ. ರಾಮರಾವ್, ಕುಂತಿ ಆಗಿರೋರು ನಮ್ಮ ಕನ್ನಡದ ಎಂ.ವಿ. ರಾಜಮ್ಮ. ಕರ್ಣ ಅಂದ್ರೆ ಕನ್ನಡಿಗರಿಗೆ ಮೊದಲಿನಿಂದಲೂ ಪ್ರೀತಿ, ಪಂಪನೇ ಕರ್ಣನನ್ನು ಹೊಗಳಿದ್ದಾನೆ ಅಂತ ಕನ್ನಡ ಪಾಠದಲ್ಲಿ ಗುರುಗಳು ಹೇಳಿದ್ದು ನಿಮಗೂ ನೆನಪಿರಬಹುದು. ಕೊನೆಯಲ್ಲಿ ಕರ್ಣ ಬಾಣ ತಿಂದು ರಥದ ಚಕ್ರಕ್ಕೆ ಒರಗಿ ಬಿದ್ದಿರ್ತಾನೆ. ಕೃಷ್ಣ ಬ್ರಾಹ್ಮಣನ ವೇಷದಲ್ಲಿ ಬಂದು ಅವನು ಮಾಡಿದ ಪುಣ್ಯವನ್ನೇ ದಾನ ಕೇಳ್ತಾನೆ. ಸಾಯುವವನ ಹತ್ತಿರ ಇನ್ನೇನಿದೆ? ಕರ್ಣ ತನ್ನ ರಕ್ತದಲ್ಲೇ ಧಾರೆ ಎರೆದು ಕೊಡ್ತಾನೆ. ಆವಾಗ ಶಿವಾಜಿಯವರ ಮುಖದಲ್ಲಿ ನೋವೂ ಇರುತ್ತೆ, ಕೊಡೋಕೆ ಇನ್ನೂ ಒಂದು ಉಳಿದಿತ್ತಲ್ಲ ಅನ್ನೋ ಸಂತೋಷವೂ ಇರುತ್ತೆ. ನಮ್ಮ ಹರಿಹರದ ಗುಡಿಯಲ್ಲಿ ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ ಇದ್ದಾರಲ್ಲ, ನನಗೆ ಅದೇ ನೆನಪಾಯ್ತು. ಈ ಸಿನಿಮಾವನ್ನು ಸರಿಪಡಿಸಿ 2012ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗಲೂ ಜನ ಮುಗಿಬಿದ್ದು ನೋಡಿದರು.

ಶಿವಾಜಿಯವರು ಕನ್ನಡ ಸಿನಿಮಾದಲ್ಲೂ ಪಾತ್ರ ಮಾಡಿದ್ದಾರೆ ಅಂತ ನಿಮಗೆ ಗೊತ್ತಾ? 1958ರಲ್ಲಿ ಪಂತುಲು ಅವರು ತೆಗೆದ ಸ್ಕೂಲ್ ಮಾಸ್ಟರ್ ಸಿನಿಮಾದಲ್ಲಿ ಬರ್ತಾರೆ. ನಮ್ಮ ಗುರುಗಳೆಲ್ಲಾ ಈ ಸಿನಿಮಾ ನೋಡಲೇಬೇಕು. ಅದರಲ್ಲಿ ಮೇಷ್ಟ್ರಾಗಿ ಪಂತುಲು ಅವರೇ ಮಾಡಿದ್ದಾರೆ, ಹೆಂಡತಿಯಾಗಿ ಎಂ.ವಿ. ರಾಜಮ್ಮ. ಊರಿನ ಮಕ್ಕಳಿಗೆಲ್ಲಾ ವಿದ್ಯೆ ಕೊಟ್ಟ ಮೇಷ್ಟ್ರು ವಯಸ್ಸಾದ ಮೇಲೆ ಸ್ವಂತ ಮಕ್ಕಳಿಗೇ ಭಾರ ಆಗ್ತಾರೆ. ಆವಾಗ ಅವರ ಹಳೇ ಶಿಷ್ಯ, ಪೊಲೀಸ್ ಅಧಿಕಾರಿ ಆಗಿ ಬಂದು ಗುರುಗಳ ಕೈ ಹಿಡೀತಾನೆ. ಆ ಶಿಷ್ಯನೇ ಶಿವಾಜಿ. ಸಿನಿಮಾದಲ್ಲಿ ಅವರು ಬರೋದು ಸ್ವಲ್ಪ ಹೊತ್ತು ಮಾತ್ರ, ಆದರೂ ಮನಸ್ಸಿನಲ್ಲಿ ಉಳೀತಾರೆ.

ಈ ಸಿನಿಮಾವನ್ನು ನಾನು, ಅಜ್ಜ, ಅಪ್ಪ ಮೂರೂ ಜನ ಒಂದು ಭಾನುವಾರ ಕೂತು ನೋಡಿದೆವು. ಮೇಷ್ಟ್ರಿಗೆ ಮನೆಯಲ್ಲಿ ಕಷ್ಟ ಆಗೋ ಭಾಗ ಬಂದಾಗ ಅಜ್ಜ ಎದ್ದು ಹೊರಗೆ ಜಗಲಿಗೆ ಹೋದರು. ಅಪ್ಪ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಪ್ಪನೂ ಎದ್ದು ಹೋಗಿ ಅಜ್ಜನ ಪಕ್ಕದಲ್ಲಿ ಕೂತರು. ಇಬ್ಬರೂ ಸುಮ್ಮನೆ ಕೂತಿದ್ದರು. ನಾನು ಒಬ್ಬನೇ ಉಳಿದ ಸಿನಿಮಾ ನೋಡಿದೆ.

ಒಂದೇ ಮುಖ, ಒಂಬತ್ತು ರಸ

1964ರಲ್ಲಿ ಶಿವಾಜಿಯವರ 100ನೇ ಸಿನಿಮಾ ನವರಾತ್ರಿ ಬಂತು. ಅದರಲ್ಲಿ ಅವರದ್ದು ಒಂದಲ್ಲ, ಎರಡಲ್ಲ, ಒಂಬತ್ತು ಪಾತ್ರ! ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ, ಶಾಂತ ಅಂತ ನಾವು ನವರಸ ಬಾಯಿಪಾಠ ಮಾಡ್ತೀವಲ್ಲ, ಆ ಒಂಬತ್ತು ರಸಕ್ಕೆ ಒಂಬತ್ತು ಪಾತ್ರ. 1965ರ ತಿರುವಿಳೈಯಾಡಲ್‌ನಲ್ಲಿ ಶಿವನ ಪಾತ್ರ. 1969ರ ದೈವಮಗನ್‌ನಲ್ಲಿ ತಂದೆಯೂ ಅವರೇ, ಇಬ್ಬರು ಮಕ್ಕಳೂ ಅವರೇ. ಇದು ಭಾರತದಿಂದ ಆಸ್ಕರ್ ಸ್ಪರ್ಧೆಗೆ ಕಳಿಸಿದ ಮೊದಲ ತಮಿಳು ಸಿನಿಮಾ.

1968ರ ತಿಲ್ಲಾನಾ ಮೋಹನಾಂಬಾಳ್‌ನಲ್ಲಿ ಅವರು ನಾದಸ್ವರ ಊದುವ ಕಲಾವಿದ. ನಿಜವಾಗಿ ಊದಿದವರು ಮಧುರೈನ ಸೇತುರಾಮನ್ ಮತ್ತು ಪೊನ್ನುಸ್ವಾಮಿ ಸಹೋದರರು. ಆದರೆ ಶಿವಾಜಿಯವರ ಕೆನ್ನೆ ಉಬ್ಬುವುದು, ಬೆರಳು ಆಡುವುದು, ಉಸಿರು ಎಳೆಯುವುದು ನೋಡಿದರೆ ಅವರೇ ಊದುತ್ತಿದ್ದಾರೆ ಅಂತಲೇ ಅನ್ನಿಸುತ್ತೆ. ನಾನು ಇದನ್ನೂ ಬೇಕಂತಲೇ ಸೌಂಡ್ ತೆಗೆದು ಅಜ್ಜನ ಜೊತೆ ನೋಡಿದೆ. ಅಜ್ಜ ತೊಡೆ ಮೇಲೆ ತಾಳ ಹಾಕ್ತಿದ್ದರು. ಕಿವಿ ಕೇಳದ ಅಜ್ಜ ತಾಳ ಹಾಕಿದ್ದು ನೋಡಿ ನನಗೆ ಮೈ ಜುಮ್ ಅಂತು.

ಜಾಸ್ತಿ ಮಾಡ್ತಾರೆ ಅನ್ನೋರಿಗೆ

ದಾವಣಗೆರೆಯ ದೊಡ್ಡಪ್ಪನ ಮಗ ಕಾಲೇಜಿಗೆ ಹೋಗ್ತಾನೆ. ಅವನಿಗೆ ಕರ್ಣನ್ ತೋರಿಸಿದರೆ, ಇದೆಲ್ಲಾ ಓವರ್ ಆಕ್ಟಿಂಗ್ ಅಂತ ನಕ್ಕುಬಿಟ್ಟ. ದೊಡ್ಡವರಲ್ಲೂ ಹೀಗೆ ಹೇಳೋರು ಇದ್ದಾರೆ. ನನಗೂ ಮೊದಲು ಒಂದೊಂದು ಕಡೆ ನಗು ಬಂದಿದ್ದು ನಿಜ. ಆದರೆ ಅಜ್ಜ ಹೇಳಿದ ಕಡೇ ಸಾಲಿನ ಮಾತು ನೆನಪು ಮಾಡಿಕೊಳ್ಳಿ. ಮುಂದಿನ ಕುರ್ಚಿಯವರಿಗೆ ಜಾಸ್ತಿ ಅನ್ನಿಸಿದ್ದು ಕಡೇ ಸಾಲಿನವರಿಗೆ ಸರಿಯಾಗಿ ಇರುತ್ತೆ. ನಮ್ಮ ಕ್ಲಾಸಿನಲ್ಲೂ ಹಂಗೇ ಅಲ್ವಾ? ಗುರುಗಳು ಬೋರ್ಡಿನ ಮೇಲೆ ಅಕ್ಷರ ದೊಡ್ಡದಾಗಿ ಬರೆದರೆ ಕಡೇ ಬೆಂಚಿನವರಿಗೂ ಕಾಣುತ್ತೆ. ಅದಕ್ಕೆ ಯಾರೂ ಓವರ್ ಅನ್ನಲ್ಲ.

ಅಷ್ಟೇ ಅಲ್ಲ, ಬೇಕು ಅಂದರೆ ಅವರು ಸಣ್ಣಗೂ ಮಾಡ್ತಿದ್ದರು. 1985ರಲ್ಲಿ ಭಾರತಿರಾಜ ಅವರ ಮುದಲ್ ಮರಿಯಾದೈ ಬಂತು. ಅದರಲ್ಲಿ ಶಿವಾಜಿಯವರು ಒಂದು ಹಳ್ಳಿಯ ಹಿರಿಯರು. ಜೋರು ಮಾತಿಲ್ಲ, ಕಿರೀಟ ಇಲ್ಲ. ನೋವನ್ನೆಲ್ಲಾ ಒಳಗೇ ಇಟ್ಟುಕೊಂಡು ಸುಮ್ಮನೆ ನಡೀತಾರೆ, ಸುಮ್ಮನೆ ನೋಡ್ತಾರೆ. ನಮ್ಮ ಊರಿನ ಕಟ್ಟೆ ಮೇಲೆ ಕೂರುವ ಯಾರೋ ಹಿರಿಯರ ಹಾಗೇ ಕಾಣ್ತಾರೆ.

ಪ್ರಶಸ್ತಿಗಳು ಮತ್ತು ಸೋಲು

ಅವರು 280ಕ್ಕೂ ಹೆಚ್ಚು ಸಿನಿಮಾಗಳಲ್ಲಿ ಪಾತ್ರ ಮಾಡಿದರು. 1966ರಲ್ಲಿ ಪದ್ಮಶ್ರೀ, 1984ರಲ್ಲಿ ಪದ್ಮಭೂಷಣ ಬಂತು. 1995ರಲ್ಲಿ ಫ್ರಾನ್ಸ್ ಸರ್ಕಾರ ಷೆವಲಿಯರ್ ಗೌರವ ಕೊಟ್ಟಿತು. 1996ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಅದಕ್ಕೂ ಹಿಂದಿನ ವರ್ಷದ, ಅಂದರೆ 1995ರ ಫಾಲ್ಕೆ ಪ್ರಶಸ್ತಿ ಯಾರಿಗೆ ಬಂದಿತ್ತು ಗೊತ್ತಾ? ನಮ್ಮ ಡಾ. ರಾಜ್‌ಕುಮಾರ್ ಅವರಿಗೆ! ರಾಜ್‌ಕುಮಾರ್ ಇರುವಾಗ ಇವರು ಯಾಕೆ ಅಂತ ಕೇಳಿದವರಿಗೆ ಇದು ನನ್ನ ಉತ್ತರ. ಇಬ್ಬರೂ ಅಕ್ಕಪಕ್ಕದಲ್ಲಿ ಕೂರೋ ಅಷ್ಟು ದೊಡ್ಡವರು.

ಆದರೆ ಎಲ್ಲದರಲ್ಲೂ ಗೆಲ್ಲಲಿಲ್ಲ. ಇಷ್ಟೆಲ್ಲಾ ಮಾಡಿದರೂ ವರ್ಷದ ಶ್ರೇಷ್ಠ ನಟ ಅನ್ನೋ ರಾಷ್ಟ್ರ ಪ್ರಶಸ್ತಿ ಅವರಿಗೆ ಒಂದು ಸಲವೂ ಬರಲಿಲ್ಲ. ಸ್ವಂತ ಪಕ್ಷ ಕಟ್ಟಿ 1989ರ ಚುನಾವಣೆಗೆ ನಿಂತು ಸೋತರು. ಸಿನಿಮಾದಲ್ಲಿ ಎಷ್ಟೋ ಜನರನ್ನು ಅಳಿಸಿದವರು, ನಗಿಸಿದವರು, ಆದರೆ ವೋಟು ಬೀಳಲಿಲ್ಲ.

2001ರ ಜುಲೈ 21ರಂದು ಚೆನ್ನೈನಲ್ಲಿ ಅವರು ನಿಧನರಾದರು. ಆಗ ನಮ್ಮಲ್ಲಿ ಯಾ��ೂ ಹುಟ್ಟಿರಲಿಲ್ಲ. ಚೆನ್ನೈನ ಅಡ್ಯಾರ್‌ನಲ್ಲಿ ಅವರ ಸ್ಮಾರಕ ಇದೆ.

ಇವರಿಂದ ನಾನು ಕಲಿತಿದ್ದು

ಮಗ್ಗದ ಶೆಡ್ಡಿನಲ್ಲಿ ಅಜ್ಜ ಮತ್ತು ಅವರ ಗೆಳೆಯರು ದಿನಾ ಮಾತಾಡ್ತಿದ್ದರಂತೆ. ಅಷ್ಟು ಸದ್ದಿನಲ್ಲಿ ಹೇಗೆ ಅಂದರೆ ಬಾಯಿ ಆಡಿಸಿ, ಹುಬ್ಬು ಎತ್ತಿ, ಕೈ ಮಾಡಿ. ಊಟ ಆಯ್ತಾ, ಮೇಸ್ತ್ರಿ ಬಂದ, ಮನೆಯಲ್ಲಿ ಮಗುವಿಗೆ ಜ್ವರ, ಎಲ್ಲಾ ಮುಖದಲ್ಲೇ ಹೇಳ್ತಿದ್ದರಂತೆ. ಅಂದರೆ ಅಜ್ಜನಿಗೆ ಮಾತು ಅರ್ಥ ಆಗಲ್ಲ ಅಂತ ನಾವು ತಿಳಿದಿದ್ದೇ ತಪ್ಪು. ಅವರು ಮುಖ ಓದುವುದರಲ್ಲಿ ನಮಗಿಂತ ಜಾಣರು. ನಾವೇ ಮುಖ ತೋರಿಸ್ತಿರಲಿಲ್ಲ. ಮೊಬೈಲ್ ನೋಡ್ತಾ, ಬೆನ್ನು ತಿರುಗಿಸಿ, ಒಳಗಿನಿಂದ ಕೂಗ್ತಾ ಮಾತಾಡ್ತಿದ್ದೆವು. ಅಜ್ಜ ಕಡೇ ಸಾಲಿನಲ್ಲಿ ಕೂತಿದ್ದರು, ನಾವು ಮುಂದಿನ ಕುರ್ಚಿಯವರಿಗೆ ಮಾತ್ರ ಆಡ್ತಿದ್ದೆವು.

ಈಗ ನಾನು ಎದುರಿಗೆ ನಿಂತು ನಿಧಾನವಾಗಿ ಮಾತಾಡ್ತೀನಿ. ಹತ್ತರಲ್ಲಿ ಏಳೆಂಟು ಮಾತು ಅಜ್ಜನಿಗೆ ಗೊತ್ತಾಗುತ್ತೆ. ಗೊತ್ತಾಗದೇ ಇದ್ದರೆ ಸ್ಲೇಟಿನಲ್ಲಿ ಬರೀತೀನಿ. ಹೋದ ವಾರ ನಾವು ನಗುವಾಗ ಅಜ್ಜ ಮತ್ತೆ ನನ್ನ ಕಡೆ ನೋಡಿ ಏನಂತ ಕೇಳಿದರು. ಎಷ್ಟೋ ದಿನ ಆದ ಮೇಲೆ ಕೇಳಿದರು. ನಾನು ಪೂರ್ತಿ ಹೇಳಿದೆ. ಅಂತಾ ನಗು ಬರೋ ವಿಷಯವೇನೂ ಅಲ್ಲ, ಆದರೂ ಅಜ್ಜ ತುಂಬಾ ಹೊತ್ತು ನಕ್ಕರು.

ದೀಪಾವಳಿ ಮುಗಿದ ಮೇಲೆ ಅಜ್ಜನ ಪಾಳಿ ದಾವಣಗೆರೆಗೆ ಬದಲಾಗುತ್ತೆ. ಅಪ್ಪ ಹರಿಹರದಲ್ಲಿ ಬಸ್ ಹತ್ತಿಸಿ ಬರ್ತಾರೆ. ದೊಡ್ಡಪ್ಪನ ಮಗನಿಗೆ ಕೊಡೋಕೆ ನಾನು ಒಂದು ಚೀಟಿ ಬರೆದಿದ್ದೇನೆ. ಅವನು ನಗಬಹುದು. ನಕ್ಕರೂ ಪರವಾಗಿಲ್ಲ, ಗೋಡೆಗೆ ಅಂಟಿಸಿದರೆ ಸಾಕು. ನಿಮ್ಮ ಮನೆಯಲ್ಲೂ ಕಿವಿ ಕೇಳದ ಹಿರಿಯರು ಇದ್ದರೆ ಬರೆದುಕೊಳ್ಳಿ.

1. ಹಿಂದಿನಿಂದ ಕರೆಯಬಾರದು, ಎದುರಿಗೆ ಬರಬೇಕು.
2. ಬೆಳಕು ನಮ್ಮ ಮುಖದ ಮೇಲೆ ಬೀಳೋ ಹಾಗೆ ನಿಲ್ಲಬೇಕು.
3. ಬಾಯಿಗೆ ಕೈ ಅಡ್ಡ ಇಡಬಾರದು, ತಿನ್ನುತ್ತಾ ಮಾತಾಡಬಾರದು.
4. ಕೂಗಬಾರದು. ಕೂಗಿದರೆ ಮುಖ ಸಿಟ್ಟು ಮಾಡಿದ ಹಾಗೆ ಕಾಣುತ್ತೆ.
5. ನಿಧಾನವಾಗಿ, ಸಣ್ಣ ಸಣ್ಣ ವಾಕ್ಯ ಹೇಳಬೇಕು.
6. ಏನಂತ ಕೇಳಿದಾಗ ಏನಿಲ್ಲ ಅನ್ನಬಾರದು.

ಭಾಷೆ ಬರದಿದ್ದರೂ, ಕಿವಿ ಕೇಳದಿದ್ದರೂ ಮನುಷ್ಯನ ಮುಖ ಮನುಷ್ಯನಿಗೆ ಅರ್ಥ ಆಗುತ್ತೆ ಅಂತ ತೋರಿಸಿಕೊಟ್ಟ ಮಹಾನ್ ಕಲಾವಿದ ಶಿವಾಜಿ ಗಣೇಶನ್ ಅವರಿಗೆ ನನ್ನ ನಮನಗಳು. ತಪ್ಪುಗಳಿದ್ದರೆ ಕ್ಷಮಿಸಿ, ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ. ಇಲ್ಲಿಗೆ ನನ್ನ ಲೇಖನ ಮುಗಿಸುತ್ತೇನೆ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ, ಕಡೇ ಬೆಂಚು